ಓದದೆ ಒತ್ತಿದ ‘ವೈ’

ಮೂವತ್ತಕ್ಕೂ ಹೆಚ್ಚು ವರ್ಷ ಗಣಿತ ಕಲಿಸಿದ ನಾನು ಮಕ್ಕಳಿಗೆ ಅತಿ ಹೆಚ್ಚು ಬಾರಿ ಹೇಳಿದ ಮಾತು, ‘ಪ್ರಶ್ನೆಯನ್ನು ಪೂರ್ತಿ ಓದಿ, ಆಮೇಲೆ ಉತ್ತರ ಬರೆಯಿರಿ’ ಎಂಬುದು. 2024ರ ಮಾರ್ಚ್ ತಿಂಗಳಲ್ಲಿ ಆ ಮಾತನ್ನು ನಾನೇ ಮರೆತೆ.

ನನ್ನ ಗಣಕದಲ್ಲಿದ್ದುದು ಡೆಬಿಯನ್ ಲಿನಕ್ಸ್‌ನ ಸ್ಥಿರ ಆವೃತ್ತಿ, 2023ರ ಜೂನ್‌ನಲ್ಲಿ ಬಿಡುಗಡೆಯಾದ ‘ಬುಕ್‌ವರ್ಮ್’. ಡೆಬಿಯನ್ನಿನವರು ಸ್ಟೇಬಲ್, ಟೆಸ್ಟಿಂಗ್, ಅನ್‌ಸ್ಟೇಬಲ್ ಎಂಬ ಮೂರು ಶಾಖೆಗಳನ್ನು ಒಟ್ಟಿಗೇ ನಡೆಸುತ್ತಾರೆ. ಮೂರನೆಯದರ ಅಡ್ಡಹೆಸರು ‘ಸಿಡ್’. ‘ಟಾಯ್ ಸ್ಟೋರಿ’ ಚಲನಚಿತ್ರದಲ್ಲಿ ಆಟಿಕೆಗಳನ್ನು ಮುರಿದುಹಾಕುವ ಹುಡುಗನ ಹೆಸರದು. ಹೆಸರಿನಲ್ಲೇ ಎಚ್ಚರಿಕೆಯಿತ್ತು!

ಲಿಬ್ರೆಆಫೀಸಿನ ಹೊಸ ಆವೃತ್ತಿಯ ಆಸೆಗೆ ‘ಸೋರ್ಸಸ್ ಲಿಸ್ಟ್’ ಕಡತದಲ್ಲಿ ಸಿಡ್‌ನ ಸಾಲೊಂದನ್ನು ಸೇರಿಸಿದೆ. ಅದೊಂದೇ ತಂತ್ರಾಂಶ ಅಲ್ಲಿಂದ ಬಂದೀತು, ಉಳಿದುದೆಲ್ಲ ಇದ್ದಂತೆಯೇ ಇದ್ದೀತು ಎಂಬುದು ನನ್ನ ಲೆಕ್ಕ. ಆಪ್ಟ್‌ನ ಲೆಕ್ಕವೇ ಬೇರೆ. ನಾವು ಆದ್ಯತೆ ಹೇಳದಿದ್ದರೆ ಅದು ಎರಡೂ ಶಾಖೆಗಳಿಗೆ 500 ಎಂಬ ಒಂದೇ ಅಂಕ ಕೊಡುತ್ತದೆ. ಅಂಕ ಸಮವಾದಾಗ ಹೊಸ ಆವೃತ್ತಿಯೇ ಗೆಲ್ಲುತ್ತದೆ. ಮುಂದಿನ ಅಪ್‌ಗ್ರೇಡಿಗೆ ಇಡೀ ಮನೆಯೇ ಸಿಡ್‌ಗೆ ಗುಳೆ ಹೊರಟಿತು.

ಅದೂ ಎಂಥ ಹೊತ್ತಿನಲ್ಲಿ! 32 ಬಿಟ್ ಗಣಕಗಳಲ್ಲಿ ಕಾಲದ ಎಣಿಕೆ 2038ರಲ್ಲಿ ತುಂಬಿಹೋಗುತ್ತದೆ. ಅದನ್ನು ತಪ್ಪಿಸಲು ಸಿಡ್‌ನಲ್ಲಿ ನೂರಾರು ಲೈಬ್ರರಿಗಳ ಹೆಸರಿಗೆ ‘ಟಿ64’ ಎಂಬ ಬಾಲ ಸೇರುತ್ತಿದ್ದ ದಿನಗಳವು. 64 ಬಿಟ್‌ನ ನನ್ನ ಗಣಕಕ್ಕೂ ಆ ಹೆಸರು ಬದಲಾವಣೆ ತಟ್ಟಿತು. ಹಳೆಯ ಲೈಬ್ರರಿಯನ್ನು ನೆಚ್ಚಿಕೊಂಡಿದ್ದ ಪ್ಯಾಕೇಜುಗಳು ಹೊಸದರೊಂದಿಗೆ ಇನ್ನೂ ಹೊಂದಿಕೊಂಡಿರಲಿಲ್ಲ. ತೆಗೆದುಹಾಕಲಾಗುವವುಗಳ ಉದ್ದ ಪಟ್ಟಿ ಬಂತು, ಡೆಸ್ಕ್‌ಟಾಪೇ ಅದರಲ್ಲಿತ್ತು. ನಾನು ಕಾಫಿ ಲೋಟ ಹಿಡಿದುಕೊಂಡೇ ‘ವೈ’ ಒತ್ತಿದೆ.

ಮತ್ತೆ ಹಚ್ಚಿದಾಗ ಕಪ್ಪು ಪರದೆ, ಹೆಸರು ಕೇಳುವ ಒಂದು ಸಾಲು. ತೀರಿಕೊಂಡ ನನ್ನ ಪತ್ನಿ ಹೇಳಿ ಬರೆಸಿದ ಅವಳ ತವರಿನ ಕಥೆಗಳೆಲ್ಲ ಅದರೊಳಗಿದ್ದವು. ಇನ್ನೊಂದು ಪ್ರತಿಯಿರಲಿಲ್ಲ. ನಡುಗುವ ಕೈಯಲ್ಲಿ ಹಳೆಯ ಶಿಷ್ಯನೊಬ್ಬನಿಗೆ ಫೋನು ಮಾಡಿದೆ.

‘ಕಡತಗಳು ಎಲ್ಲಿಗೂ ಹೋಗಿಲ್ಲ ಸಾರ್, ಹೆದರಬೇಡಿ. ಆದರೆ ಏನೇನು ತೆಗೆಯುತ್ತೇನೆಂದು ಅದು ಮೊದಲೇ ಹೇಳಿತ್ತಲ್ಲವೇ?’

ನನ್ನಲ್ಲಿ ಉತ್ತರವಿರಲಿಲ್ಲ.

ಅವನು ಹೇಳಿಕೊಟ್ಟಂತೆ ಮೊದಲು ಎಲ್ಲವನ್ನೂ ಪೆನ್‌ಡ್ರೈವಿಗೆ ನಕಲು ಮಾಡಿದೆ. ಯಾವ ಪ್ಯಾಕೇಜು ಯಾವ ಶಾಖೆಯದೆಂದು ‘ಆಪ್ಟ್ ಪಾಲಿಸಿ’ ತಿಳಿಸುತ್ತದೆ. ಆದರೆ ಅಡಿಗಲ್ಲಾದ ಲಿಬ್‌ಸಿ6 ಆಗಲೇ ಬದಲಾಗಿತ್ತು. ಆದ್ಯತೆಯನ್ನು 1000ಕ್ಕಿಂತ ಮೇಲೇರಿಸಿ ಆವೃತ್ತಿಯನ್ನು ಹಿಂದಕ್ಕೆ ಇಳಿಸಬಹುದಾದರೂ ಡೆಬಿಯನ್ ಅದಕ್ಕೆ ಬೆಂಬಲ ಕೊಡುವುದಿಲ್ಲ. ಎರಡು ದಿನ ಹೆಣಗಿ, ಮತ್ತೆ ಬುಕ್‌ವರ್ಮನ್ನೇ ಹೊಸದಾಗಿ ಹಾಕಿದೆ. ಸ್ಥಿರ ಶಾಖೆಯ ಲೈಬ್ರರಿಗಳಿಗೆ ಹೊಂದುವಂತೆ ಕಟ್ಟಿಕೊಡುವ ‘ಬ್ಯಾಕ್‌ಪೋರ್ಟ್ಸ್’ ಕಡೆಗೆ ಮೊದಲೇ ನೋಡಬೇಕಿತ್ತು.

ಲಿನಕ್ಸ್ ನಮ್ಮಂಥವರಿಗಲ್ಲ ಎನ್ನುವವರು ಇಂಥ ಕಥೆಗಳನ್ನೇ ಎತ್ತಿ ತೋರಿಸುತ್ತಾರೆ. ನಾನು ಒಪ್ಪಲಾರೆ. ಮಾಡುವುದನ್ನು ಮುಂಚೆಯೇ ಹೇಳಿ ಅಪ್ಪಣೆ ಕೇಳುವ ಯಂತ್ರ ನನ್ನನ್ನು ಬುದ್ಧಿಯುಳ್ಳವನೆಂದು ಎಣಿಸಿದೆ. ರಾತ್ರಿ ಮಲಗಿದ್ದಾಗ ತಾನಾಗಿ ಬದಲಾಗಿ, ಬೆಳಿಗ್ಗೆ ಗುಂಡಿಗಳನ್ನು ಬೇರೆಡೆ ಇಟ್ಟುಕೊಂಡು ಕೂರುವ ಫೋನಿನಲ್ಲಿ ಆ ಮರ್ಯಾದೆ ಕಾಣೆ. ದೂರಿದ್ದುದು ಒಂದೇ: ಅಳಿಸುವವುಗಳ ಪಟ್ಟಿ ಉಳಿದ ಹೆಸರುಗಳ ನಡುವೆ ಹುದುಗಿರುತ್ತಿತ್ತು. 2025ರ ಆಗಸ್ಟಿನಲ್ಲಿ ಬಂದ ‘ಟ್ರಿಕ್ಸಿ’ಯ ಆಪ್ಟ್ 3.0 ಅದನ್ನು ಕೊನೆಯಲ್ಲಿ, ಕೆಂಪಕ್ಷರದಲ್ಲಿ ತೋರಿಸುತ್ತದೆ. ಕೆಂಪು ಶಾಯಿಯನ್ನು ಇಷ್ಟು ವರ್ಷ ನಾನು ಬಳಸುತ್ತಿದ್ದೆ. ಈಗ ಅದು ನನ್ನ ಕಡೆಗೇ ತಿರುಗಿದೆ.