ಮ್ಯಾಕ್ಸಿಮೈಜ್ ಮತ್ತು ಫುಲ್‌ಸ್ಕ್ರೀನ್ ಎರಡೂ ಒಂದೇನಾ? ವಿಂಡೋವನ್ನು ಎಳೆದು ನೋಡೋಣ

ಲ್ಯಾಪ್‌ಟಾಪ್‌ನಲ್ಲಿ ಏನನ್ನೋ ಹುಡುಕುತ್ತಾ ಒಂದು ಜಾಲತಾಣಕ್ಕೆ ಹೋಗಿದ್ದೀರಿ ಎಂದುಕೊಳ್ಳಿ. 'ಮುಂದುವರಿಯಲು ಇಲ್ಲಿ ಒತ್ತಿ' ಎಂದಿತ್ತು, ಒತ್ತಿದಿರಿ. ಮರುಕ್ಷಣ ಇಡೀ ಪರದೆ ತುಂಬ ಒಂದು ಎಚ್ಚರಿಕೆ: ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ. ಮುಚ್ಚುವ ಗುಂಡಿ ಇಲ್ಲ, ಕೆಳಗಿನ ಟಾಸ್ಕ್‌ಬಾರ್ ಇಲ್ಲ. ಪಕ್ಕಕ್ಕೆ ಎಳೆಯೋಣವೆಂದರೆ ಹಿಡಿಯಲು ಏನೂ ಇಲ್ಲ. ಗಾಬರಿಯಾಗುವುದು ಸಹಜ. ಆದರೆ ಇಂಥ ಬಹುತೇಕ ಸಂದರ್ಭಗಳಲ್ಲಿ ಕಂಪ್ಯೂಟರ್ ಲಾಕ್ ಆಗಿರುವುದೇ ಇಲ್ಲ. ಬ್ರೌಸರ್‌ನ ಒಂದು ಪುಟ ಫುಲ್‌ಸ್ಕ್ರೀನ್ ಆಗಿರುತ್ತದೆ, ಅಷ್ಟೇ.

ಈ ಮೋಸ ನಡೆಯುವುದಕ್ಕೆ ಒಂದು ಕಾರಣ, ಮ್ಯಾಕ್ಸಿಮೈಜ್ ಮತ್ತು ಫುಲ್‌ಸ್ಕ್ರೀನ್ ಎರಡೂ ಒಂದೇ ಎಂದು ನಮ್ಮಲ್ಲಿ ಅನೇಕರು ಅಂದುಕೊಂಡಿರುವುದು. ನೋಡಲು ಎರಡೂ ದೊಡ್ಡ ವಿಂಡೋಗಳೇ. ಆದರೆ ಸರಿಸಲು ಹೋದಾಗ ಅವು ಬೇರೆ ಬೇರೆಯಾಗಿ ವರ್ತಿಸುತ್ತವೆ.

ಮೊದಲು ಮ್ಯಾಕ್ಸಿಮೈಜ್ ನೋಡೋಣ. ವಿಂಡೋಸ್‌ನಲ್ಲಿ ಚೌಕದ ಗುಂಡಿ ಒತ್ತಿದಾಗ ವಿಂಡೋ ಟಾಸ್ಕ್‌ಬಾರ್ ಬಿಟ್ಟು ಉಳಿದ ಜಾಗವನ್ನೆಲ್ಲ ತುಂಬಿಕೊಳ್ಳುತ್ತದೆ. ಇದು ಬರೀ 'ದೊಡ್ಡ ಗಾತ್ರ' ಅಲ್ಲ, ಒಂದು ಸ್ಥಿತಿ. ವಿಂಡೋ ಮೊದಲು ಎಲ್ಲಿತ್ತು, ಎಷ್ಟು ಅಗಲ, ಎಷ್ಟು ಎತ್ತರ ಇತ್ತು ಎಂಬುದನ್ನು ಆಪರೇಟಿಂಗ್ ಸಿಸ್ಟಂ ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳುತ್ತದೆ. ಅದೇ ಗುಂಡಿಯನ್ನು ಮತ್ತೆ ಒತ್ತಿದರೆ ವಿಂಡೋ ಹಳೆಯ ಜಾಗಕ್ಕೆ, ಹಳೆಯ ಅಳತೆಗೆ ಮರಳುವುದು ಇದರಿಂದಲೇ.

ಹಾಗಾದರೆ ಮ್ಯಾಕ್ಸಿಮೈಜ್ ಆದ ವಿಂಡೋವನ್ನು ಹಿಡಿದು ಎಳೆದರೆ ಏನಾಗಬೇಕು? ಇದಕ್ಕೆ ಒಂದೇ ಸರಿಯುತ್ತರ ಇಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಮೇಲಿನ ಪಟ್ಟಿ ಹಿಡಿದು ಎಷ್ಟು ಎಳೆದರೂ ವಿಂಡೋ ಅಲ್ಲಾಡುತ್ತಿರಲಿಲ್ಲ. 2009ರಲ್ಲಿ ಬಂದ ವಿಂಡೋಸ್ 7 ಇದನ್ನು ಬದಲಿಸಿತು. ಈಗ ಪಟ್ಟಿ ಹಿಡಿದು ಕೆಳಕ್ಕೆ ಎಳೆದರೆ ವಿಂಡೋ ಮ್ಯಾಕ್ಸಿಮೈಜ್ ಸ್ಥಿತಿಯಿಂದ ಕಳಚಿಕೊಂಡು, ಹಳೆಯ ಅಳತೆಗೆ ಕುಗ್ಗಿ, ಮೌಸ್‌ನ ಹಿಂದೆಯೇ ಬರುತ್ತದೆ. ಇಲ್ಲಿ ಅಳತೆ ಮಾತ್ರ ಹಳೆಯದು, ಜಾಗ ಹೊಸದು. ಹಳೆಯ ಜಾಗಕ್ಕೇ ಹಾರಿಬಿಟ್ಟಿದ್ದರೆ ಹಿಡಿದ ವಿಂಡೋ ಕೈತಪ್ಪಿ ಎಲ್ಲೋ ಹೋದಂತೆ ಅನ್ನಿಸುತ್ತಿತ್ತು. ಪರದೆಯ ಮೇಲಂಚಿಗೆ ತಾಗಿಸಿ ಬಿಟ್ಟರೆ ಮತ್ತೆ ಮ್ಯಾಕ್ಸಿಮೈಜ್.

ಪ್ರೊಜೆಕ್ಟರ್ ಅಥವಾ ಎರಡನೇ ಮಾನಿಟರ್ ಬಳಸುವವರಿಗೆ ಇದು ಚೆನ್ನಾಗಿ ಗೊತ್ತು. ಎಳೆದುಕೊಂಡು ಹೋದರೆ ವಿಂಡೋ ಕುಗ್ಗುತ್ತದೆ, ಅಲ್ಲಿ ಹೋಗಿ ಮತ್ತೆ ದೊಡ್ಡದು ಮಾಡಬೇಕು. ಬದಲಿಗೆ ವಿಂಡೋಸ್ ಕೀ ಮತ್ತು ಶಿಫ್ಟ್ ಹಿಡಿದು ಎಡ ಅಥವಾ ಬಲ ಬಾಣದ ಕೀ ಒತ್ತಿ ನೋಡಿ. ವಿಂಡೋ ಮ್ಯಾಕ್ಸಿಮೈಜ್ ಆಗಿಯೇ ಪಕ್ಕದ ಪರದೆಗೆ ಹೋಗಿ, ಅಲ್ಲಿನ ಅಳತೆಗೆ ಹೊಂದಿಕೊಳ್ಳುತ್ತದೆ.

ಅಂಚು ಹಿಡಿದು ಹಿಗ್ಗಿಸುವ ವಿಷಯದಲ್ಲಿ ಇನ್ನೊಂದು ತಮಾಷೆ ಇದೆ. ವಿಂಡೋಸ್‌ನಲ್ಲಿ ಮ್ಯಾಕ್ಸಿಮೈಜ್ ಆದ ವಿಂಡೋ ಪರದೆಗಿಂತ ಕೆಲವು ಪಿಕ್ಸೆಲ್ ದೊಡ್ಡದಾಗಿರುತ್ತದೆ! ಅದರ ಅಂಚುಗಳು ಪರದೆಯಾಚೆಗೆ ಚಾಚಿಕೊಂಡು ಕಾಣದಂತಾಗುತ್ತವೆ. ಹಾಗಾಗಿ ಹಿಡಿದು ಎಳೆಯಲು ಅಂಚೇ ಸಿಗುವುದಿಲ್ಲ. ಇದರಿಂದ ಅನುಕೂಲವೂ ಇದೆ. ಮೌಸನ್ನು ಕಣ್ಣುಮುಚ್ಚಿ ಬಲ ಮೇಲ್ಮೂಲೆಗೆ ದೂಡಿದರೂ ಅದು ಮುಚ್ಚುವ ಗುಂಡಿಯ ಮೇಲೇ ಹೋಗಿ ನಿಲ್ಲುತ್ತದೆ.

ಬೇರೆ ವ್ಯವಸ್ಥೆಗಳಲ್ಲಿ ಬೇರೆ ರೂಢಿ. ಲಿನಕ್ಸ್‌ನ ಎಕ್ಸ್11ನಲ್ಲಿ ಅಡ್ಡಕ್ಕೆ ಮ್ಯಾಕ್ಸಿಮೈಜ್, ಉದ್ದಕ್ಕೆ ಮ್ಯಾಕ್ಸಿಮೈಜ್, ಫುಲ್‌ಸ್ಕ್ರೀನ್ ಎಂದು ಮೂರು ಬೇರೆ ಬೇರೆ ಗುರುತುಗಳಿವೆ. ಹೊಸದಾದ ವೇಲ್ಯಾಂಡ್‌ನ ನಿಯಮಾವಳಿಯಂತೂ ಮ್ಯಾಕ್ಸಿಮೈಜ್ ಅಥವಾ ಫುಲ್‌ಸ್ಕ್ರೀನ್ ಆದ ವಿಂಡೋವನ್ನು ಸರಿಸುವ, ಹಿಗ್ಗಿಸುವ ಕೋರಿಕೆಯನ್ನು ವ್ಯವಸ್ಥೆ ಕಡೆಗಣಿಸಬಹುದು ಎಂದೇ ಹೇಳುತ್ತದೆ. ಮ್ಯಾಕ್‌ನ ಹಸಿರು ಗುಂಡಿ 2014ರ ಯೊಸೆಮಿಟಿ ಆವೃತ್ತಿಯಿಂದ ಸೀದಾ ಫುಲ್‌ಸ್ಕ್ರೀನ್‌ಗೇ ಕರೆದೊಯ್ಯುತ್ತದೆ. ವಿಂಡೋಸ್‌ನಿಂದ ಮ್ಯಾಕ್‌ಗೆ ಬಂದವರು 'ನನ್ನ ಬೇರೆ ವಿಂಡೋಗಳೆಲ್ಲ ಎಲ್ಲಿ ಹೋದವು?' ಎಂದು ಕೇಳುವುದು ಇದೇ ಕಾರಣಕ್ಕೆ. ಅವು ಎಲ್ಲೂ ಹೋಗಿರುವುದಿಲ್ಲ. ಫುಲ್‌ಸ್ಕ್ರೀನ್ ಆದ ಆ್ಯಪ್‌ಗೇ ಪ್ರತ್ಯೇಕವಾದ ಒಂದು ಪರದೆ ಸಿಕ್ಕಿರುತ್ತದೆ.

ಈಗ ಫುಲ್‌ಸ್ಕ್ರೀನ್‌ಗೆ ಬರೋಣ. ವಿಂಡೋಸ್‌ನಲ್ಲಿ ಒಂದು ಆ್ಯಪ್ ಸಾಮಾನ್ಯವಾಗಿ ಫುಲ್‌ಸ್ಕ್ರೀನ್ ಆಗುವುದು ಹೀಗೆ: ತನ್ನ ಮೇಲಿನ ಪಟ್ಟಿಯನ್ನೂ ಅಂಚನ್ನೂ ತೆಗೆದುಹಾಕಿ, ಮಾನಿಟರ್‌ನಷ್ಟೇ ದೊಡ್ಡದಾಗಿ ಹರಡಿಕೊಳ್ಳುತ್ತದೆ. ಇದನ್ನು ಕಂಡ ವಿಂಡೋಸ್ ಟಾಸ್ಕ್‌ಬಾರನ್ನು ಹಿಂದಕ್ಕೆ ಸರಿಸುತ್ತದೆ. ಹಳೆಯ ಅಳತೆಯನ್ನು ನೆನಪಿಟ್ಟುಕೊಳ್ಳುವ ಕೆಲಸ ಇಲ್ಲಿ ಆ್ಯಪ್‌ನದ್ದೇ. ವಿಡಿಯೋ ನೋಡಿ ಹೊರಬಂದಾಗ ಕೆಲವು ಪ್ಲೇಯರ್‌ಗಳು ಎಡವಟ್ಟು ಅಳತೆಯಲ್ಲಿ ತೆರೆದುಕೊಳ್ಳುವುದು ಈ ಲೆಕ್ಕ ತಪ್ಪಿದಾಗ.

ಮುಖ್ಯವಾಗಿ, ಫುಲ್‌ಸ್ಕ್ರೀನ್‌ನಲ್ಲಿ ಪರದೆಯ ಪ್ರತಿಯೊಂದು ಚುಕ್ಕಿಯೂ ಆ ಒಂದು ಆ್ಯಪ್‌ನ ಕೈಯಲ್ಲಿರುತ್ತದೆ. ಬ್ರೌಸರ್ ಮ್ಯಾಕ್ಸಿಮೈಜ್ ಆಗಿದ್ದಾಗ ವಿಳಾಸದ ಪಟ್ಟಿ, ಟ್ಯಾಬ್‌ಗಳು, ಟಾಸ್ಕ್‌ಬಾರ್ ಇವು ಯಾವುವೂ ಜಾಲಪುಟದ ಹಿಡಿತದಲ್ಲಿ ಇರುವುದಿಲ್ಲ. ಪುಟವೇ ಫುಲ್‌ಸ್ಕ್ರೀನ್ ಆದರೆ ಇವೆಲ್ಲ ಮರೆಯಾಗುತ್ತವೆ. ಆಗ ಅದು ಸುಳ್ಳು ವಿಳಾಸದ ಪಟ್ಟಿಯನ್ನಾಗಲಿ, ಸುಳ್ಳು ಟಾಸ್ಕ್‌ಬಾರನ್ನಾಗಲಿ ಚಿತ್ರದಂತೆ ಬಿಡಿಸಿ ತೋರಿಸಬಹುದು.

ಬ್ರೌಸರ್ ತಯಾರಿಸುವವರಿಗೆ ಈ ಅಪಾಯ ಗೊತ್ತಿದೆ. ಅದಕ್ಕೇ ಬಳಕೆದಾರರು ಕ್ಲಿಕ್ ಮಾಡದೆ ಅಥವಾ ಕೀ ಒತ್ತದೆ ಪುಟ ತಾನಾಗಿ ಫುಲ್‌ಸ್ಕ್ರೀನ್ ಆಗಲು ಬಿಡುವುದಿಲ್ಲ. ಹೊರಬರಲು ಎಸ್ಕೇಪ್ ಒತ್ತಿ ಎಂಬ ಸೂಚನೆಯನ್ನೂ ಮೇಲ್ಭಾಗದಲ್ಲಿ ಕೆಲ ಕ್ಷಣ ತೋರಿಸುತ್ತವೆ. ಮೋಸದ ಪುಟಗಳು 'ಇಲ್ಲಿ ಒತ್ತಿ' ಎಂದು ಪೀಡಿಸುವುದು ಆ ಒಂದು ಕ್ಲಿಕ್‌ಗಾಗಿಯೇ. ಎಚ್ಚರಿಕೆಯ ಸದ್ದು, ಮಿನುಗುವ ಅಕ್ಷರಗಳ ನಡುವೆ ಆ ಸಣ್ಣ ಸೂಚನೆಯನ್ನು ಯಾರು ತಾನೇ ಗಮನಿಸುತ್ತಾರೆ?

ಇಲ್ಲಿ ನಾವು ಇನ್ನೊಂದು ನಂಬಿಕೆಯನ್ನೂ ಪರೀಕ್ಷಿಸಬೇಕು. ಲಾಗಿನ್ ಕೇಳುವ ಪುಟ್ಟ ವಿಂಡೋ ಅಸಲಿಯೋ ನಕಲಿಯೋ ತಿಳಿಯಲು ಅದನ್ನು ಎಳೆದು ನೋಡಿ ಎಂಬ ಸಲಹೆಯನ್ನು ನೀವು ಕೇಳಿರಬಹುದು. ಅಸಲಿ ವಿಂಡೋ ಬ್ರೌಸರ್‌ನ ಅಂಚು ದಾಟಿ ಹೊರಗೆ ಬರುತ್ತದೆ. ಪುಟದೊಳಗೆ ಬಿಡಿಸಿದ ನಕಲಿ ಅಂಚಿನಲ್ಲೇ ಸಿಕ್ಕಿಬೀಳುತ್ತದೆ. ಸಲಹೆ ಒಳ್ಳೆಯದೇ. ಆದರೆ ಬ್ರೌಸರ್ ಚಿಕ್ಕದಾಗಿದ್ದಾಗ ಮಾತ್ರ ಈ ಪರೀಕ್ಷೆ ಸ್ಪಷ್ಟ. ಮ್ಯಾಕ್ಸಿಮೈಜ್ ಆಗಿದ್ದರೆ ನಕಲಿ ವಿಂಡೋ ವಿಳಾಸದ ಪಟ್ಟಿಯ ಕೆಳಗೇ ನಿಲ್ಲುವುದನ್ನು ಗಮನವಿಟ್ಟು ನೋಡಬೇಕು. ಫುಲ್‌ಸ್ಕ್ರೀನ್‌ನಲ್ಲಂತೂ ನಕಲಿಯೂ ಮೂಲೆಯಿಂದ ಮೂಲೆಗೆ ಆರಾಮವಾಗಿ ಓಡಾಡುತ್ತದೆ, ದಾಟಲು ಅಲ್ಲಿ ಅಂಚೇ ಇಲ್ಲ! ಆದ್ದರಿಂದ ಮೊದಲು ಫುಲ್‌ಸ್ಕ್ರೀನ್‌ನಿಂದ ಹೊರಬಂದು, ಬ್ರೌಸರನ್ನು ಚಿಕ್ಕದು ಮಾಡಿ, ಆಮೇಲೆ ಎಳೆದು ನೋಡುವುದೇ ಸರಿ.

ಹೊರಬರುವುದು ಹೇಗೆ? ಮೊದಲು ಎಸ್ಕೇಪ್ ಕೀ ಒತ್ತಿ. ಬಗ್ಗದಿದ್ದರೆ ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಕ್ರೋಮ್‌ನಂಥ ಬ್ರೌಸರ್‌ಗಳಲ್ಲಿ ಫುಲ್‌ಸ್ಕ್ರೀನ್ ಪುಟ ಎಸ್ಕೇಪ್ ಕೀಯನ್ನೂ ತನ್ನ ಬಳಕೆಗೆ ತೆಗೆದುಕೊಳ್ಳಬಹುದು, ಆದರೆ ಒತ್ತಿ ಹಿಡಿದರೆ ಬ್ರೌಸರ್ ಅದನ್ನು ಬಿಡಿಸುತ್ತದೆ. ಎಫ್11 ಕೂಡ ಪ್ರಯತ್ನಿಸಬಹುದು. ಏನೂ ಆಗದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ. ಈ ಜೋಡಣೆ ನೇರವಾಗಿ ವಿಂಡೋಸ್‌ಗೇ ತಲುಪುತ್ತದೆ, ಯಾವ ಜಾಲಪುಟವೂ ಅದನ್ನು ನಡುವೆ ಹಿಡಿದಿಡಲಾರದು. ಅಲ್ಲಿಂದ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರನ್ನು ಮುಚ್ಚಿ. ಮ್ಯಾಕ್‌ನಲ್ಲಾದರೆ ಕಮಾಂಡ್, ಆಪ್ಷನ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಆ್ಯಪ್ ಮುಚ್ಚುವ ಪಟ್ಟಿ ಬರುತ್ತದೆ.

ಪರದೆಯ ಮೇಲಿದ್ದ ಸಂಖ್ಯೆಗೆ ಈಗಾಗಲೇ ಕರೆ ಮಾಡಿ, ಅವರು ಹೇಳಿದ ಆ್ಯಪ್ ಹಾಕಿಕೊಂಡಿದ್ದರೆ ತಕ್ಷಣ ಇಂಟರ್ನೆಟ್ ಸಂಪರ್ಕ ತೆಗೆಯಿರಿ. ಹಣ ಹೋಗಿದ್ದರೆ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕೂಡಲೇ ತಿಳಿಸಿ.

ಬ್ರೌಸರನ್ನು ಮತ್ತೆ ತೆರೆದಾಗ ಹಿಂದಿನ ಪುಟಗಳನ್ನು ಮರಳಿ ತೆರೆಯಲೇ ಎಂದು ಅದು ಕೇಳಬಹುದು. ಬೇಡ ಎನ್ನಿ, ಆ ಪಟ್ಟಿಯಲ್ಲಿ ಅದೇ ಪುಟವೂ ಇರುತ್ತದೆ.