ಚಂದ್ರಮುಖ

ನಮ್ಮ ಕವಿಗಳು ಚಂದ್ರಮುಖಿಯೆಂದರೆ ಅದು ಹೊಗಳಿಕೆ. ವೈದ್ಯರು ಚಂದ್ರಮುಖವೆಂದರೆ ಅದು ಸ್ಟೀರಾಯ್ಡ್ ಮದ್ದಿನ ಅಡ್ಡಪರಿಣಾಮ. 1948ರಲ್ಲಿ ಕೀಲುವಾತಕ್ಕೆ ಮೊದಲು ಕೊಟ್ಟ ಕಾರ್ಟಿಸೋನಿನ ವರ್ಗದ್ದೇ ಪ್ರೆಡ್ನಿಸೋಲೋನ್ ಗುಳಿಗೆ. ತಿಂಗಳುಗಟ್ಟಲೆ ಅದನ್ನು ಸೇವಿಸಿದವರಲ್ಲಿ ಹಲವರ ಕೆನ್ನೆ ಉಬ್ಬುತ್ತದೆ.

ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಹೀಗಾಯಿತು. “ಏನಮ್ಮ, ಹಾಸ್ಟೆಲಿನ ಊಟ ಮೈಗೆ ಹಿಡಿದಿದೆ!” ಎಂದರು ಪರಿಚಿತರು. (ನಮ್ಮವರ ಕುಶಲಪ್ರಶ್ನೆ ಮೈಯಿಂದಲೇ ಆರಂಭವಷ್ಟೆ.) ಆಕೆ ಕನ್ನಡಿಗೆ ಬಟ್ಟೆ ಹೊದಿಸಿದಳು, ಗುಳಿಗೆಯನ್ನೂ ಬಿಡಹೊರಟಳು. ಅಪಾಯವಿರುವುದು ಇಲ್ಲಿಯೇ. ಹೊರಗಿನ ಮದ್ದಿಗೆ ಒಗ್ಗಿದ ಅಡ್ರಿನಲ್ ಗ್ರಂಥಿ ತನ್ನ ಕೆಲಸವನ್ನು ಮರೆತಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು. ವೈದ್ಯರು ಪ್ರಮಾಣವನ್ನು ಮೆಲ್ಲಮೆಲ್ಲನೆ ಇಳಿಸಿದಂತೆ ಮುಖವೂ ಬಹುಮಟ್ಟಿಗೆ ಮರಳುತ್ತದೆ. ಅಲ್ಲಿಯವರೆಗಿನ ತಿಂಗಳುಗಳಲ್ಲಿ ಆಕೆ ತರಗತಿಗೆ ಬರಬೇಕು, ಪರೀಕ್ಷೆ ಬರೆಯಬೇಕು, ನಮ್ಮೆಲ್ಲರ ಕಣ್ಣೆದುರು ಹಾದುಹೋಗಬೇಕು.