ಯಾವ ಕಾಲಂ ನೋಡಿ ಹೇಳಿದ್ರಿ ಸಾರ್?

ಮೊನ್ನೆ ಹನೂರು ಕಡೆಯ ಒಂದು ಹೆಣ್ಣುಮಗು ಫೋನ್ ಮಾಡಿತ್ತು. "ಅಣ್ಣಾ, ಸಿಇಟಿ ರ‍್ಯಾಂಕ್ ಬಂತು. ಯುವಿಸಿಇ ಆಸೆ ಬುಟ್ಬುಡು, ನಿನ್ ರ‍್ಯಾಂಕ್‌ಗೆ ಸಿಕ್ಕಲ್ಲ ಅಂದ್ಬುಟ್ರು ಕನಣ್ಣ ನಮ್ ಸಾರು."

ಸಂಜೆ ಕೊಳ್ಳೇಗಾಲದಲ್ಲಿ ಕೂತು ಕೆಇಎ ವೆಬ್‌ಸೈಟಿನ ಹಳೇ ಕಟಾಫ್ ಪಟ್ಟಿ ತೆಗೆದೆವು. ಸಾರು ನೋಡಿದ್ದು ಜಿಎಂ ಕಾಲಂ! ಅದೇ ಸಾಲಿನಲ್ಲಿ ಎಸ್‌ಸಿಜಿ, ಎಸ್‌ಸಿಕೆ, ಎಸ್‌ಸಿಆರ್ ಅಂತ ಮೂರು ಕಾಲಂ ಇವೆ. ಕೆ ಅಂದ್ರೆ ಕನ್ನಡ ಮಾಧ್ಯಮ, ಆರ್ ಅಂದ್ರೆ ಗ್ರಾಮೀಣ. ಒಂದೊಂದರಲ್ಲೂ ಕೊನೆಯ ರ‍್ಯಾಂಕ್ ಬೇರೆ ಬೇರೆ. ಬಿಳಿಗಿರಿರಂಗನ ಬೆಟ್ಟದ ಪೋಡಿನ ಸೋಲಿಗರ ಮಕ್ಕಳು ಎಸ್‌ಟಿ ಕಾಲಂಗಳನ್ನು ನೋಡಬೇಕು. ಒಂದೇ ವರ್ಷದ್ದಲ್ಲ, ಎರಡು ಮೂರು ವರ್ಷದ್ದು ನೋಡಿದರೆ ಅಂದಾಜು ಸಿಗುತ್ತೆ.

ತಮಾಷೆ ನೋಡಿ. ಟೀ ಅಂಗಡಿಯಲ್ಲಿ "ಅವ್ರಿಗೇನಪ್ಪ, ರಿಸರ್ವೇಶನ್ ಅದೆ, ಸುಮ್ನೆ ಸೀಟ್ ಸಿಗುತ್ತೆ" ಅನ್ನುವ ಬಾಯೇ ಕ್ಲಾಸಿನಲ್ಲಿ "ನಿಂಗೆ ಸಿಗಲ್ಲ" ಅನ್ನುತ್ತೆ. ಎರಡು ಮಾತನ್ನೂ ಪಟ್ಟಿ ನೋಡಿ ಆಡಿದ್ದಲ್ಲ, ನಮ್ಮ ಮಕ್ಕಳ ಮುಖ ನೋಡಿ ಆಡಿದ್ದು.

ಇನ್ನೊಂದು ಸಂಕಟವೂ ಇದೆ. ಗ್ರಾಮೀಣ ಕೋಟಾ 15%, ಕನ್ನಡ ಮಾಧ್ಯಮ 5%. ಆದರೆ ಗ್ರಾಮೀಣಕ್ಕೆ 1ರಿಂದ 10ನೇ ಕ್ಲಾಸಿನವರೆಗೆ ಹತ್ತೂ ವರ್ಷ ಹಳ್ಳಿಯಲ್ಲೇ ಓದಿರಬೇಕು. ಈ ಮಗು ಏಳರವರೆಗೆ ಊರಿನ ಸರ್ಕಾರಿ ಶಾಲೆ, ಎಂಟಕ್ಕೆ ಕೊಳ್ಳೇಗಾಲದ ಹಾಸ್ಟೆಲ್. ಮೂರು ವರ್ಷ ಪೇಟೆಯಲ್ಲಿ ಓದಿದ್ದಕ್ಕೆ ಕೂಲಿಯವರ ಮಗಳು ಗ್ರಾಮೀಣಳಲ್ಲ! ಊರಲ್ಲಿ ಹೈಸ್ಕೂಲ್ ಇಲ್ಲದ್ದು ಅವಳ ತಪ್ಪಾ? ಈ ನಿಯಮ ಬದಲಾಗಬೇಕು. ಸದ್ಯಕ್ಕೆ ಕನ್ನಡ ಮಾಧ್ಯಮವಾದರೂ ಉಳಿದಿದೆ. ಅದಕ್ಕೂ ವ್ಯಾಸಂಗದ ದಾಖಲೆ ಸರಿಯಾಗಿರಬೇಕು. ಅದು ಸರಿಯಿಲ್ಲದಿದ್ರೆ ಕೋಟಾ ಹೋಯ್ತು.

ಆಪ್ಷನ್ ಎಂಟ್ರಿಯಲ್ಲಿ ಹೆದರಿ ಚಿಕ್ಕ ಕಾಲೇಜನ್ನು ಮೊದಲು ಹಾಕಬೇಡಿ. ಮೇಲಿಂದ ನೋಡಿಕೊಂಡು ಬಂದು ಮೊದಲು ಯಾವುದು ಸಿಗುತ್ತೋ ಅದನ್ನೇ ಕೊಡುತ್ತಾರೆ. ದೊಡ್ಡ ಕಾಲೇಜನ್ನು ಮೇಲೆ ಹಾಕಿದರೆ ಕೆಳಗಿನದ್ದು ಕೈತಪ್ಪಲ್ಲ. ಚಿಕ್ಕದನ್ನು ಮೇಲೆ ಹಾಕಿದರೆ ಮಾತ್ರ ದೊಡ್ಡದು ಕೈತಪ್ಪುತ್ತೆ. ಮಾಕ್ ಅಲಾಟ್‌ಮೆಂಟ್ ಆದ ಮೇಲೂ ಕ್ರಮ ಬದಲಿಸಬಹುದು.

ಸತಾರದ ಶಾಲೆಯಲ್ಲಿ ಗೋಣಿತಾಟಿನ ಮೇಲೆ ಕೂತಿದ್ದ ಹುಡುಗನ ಚಾನ್ಸ್ ಎಷ್ಟು ಅಂತ ಆವತ್ತು ಇಂಥ ಸಾರುಗಳನ್ನು ಕೇಳಿದ್ದರೆ ಏನು ಹೇಳ್ತಿದ್ದರು? ಬಾಬಾಸಾಹೇಬರು 1913ರಲ್ಲಿ ಕೊಲಂಬಿಯಾಕ್ಕೆ ಹೋದರು.

ಆ ಮಗು ಯುವಿಸಿಇಯನ್ನೇ ಮೊದಲು ಹಾಕಿದೆ. ಸಿಗುತ್ತೋ ಇಲ್ವೋ, ಪಟ್ಟಿ ಹೇಳಲಿ. ಕೇಳುವ ಮೊದಲೇ ಇನ್ಯಾರೋ ಇಲ್ಲ ಅನ್ನೋದು ಬೇಡ.

ಕೊಳ್ಳೇಗಾಲ, ಹನೂರು, ಯಳಂದೂರಿನ ಓದಿದ ಅಣ್ಣ ಅಕ್ಕಂದಿರೇ, ಕೇರಿಗೆ ಒಬ್ಬರಾದರೂ ಒಂದು ಸಂಜೆ ಮೊಬೈಲ್ ಹಿಡಿದು ನಮ್ಮ ಮಕ್ಕಳ ಪಕ್ಕ ಕೂತ್ಕೊಳ್ಳಿ. ಜಯಂತಿಯ ಹಾರಕ್ಕಿಂತ ಇದು ದೊಡ್ಡದು.

ಜೈ ಭೀಮ್.